ಕಲ್ಲುಗೇರು

ನಮ್ಮ ಆಲಂಕಾರಿಕರು ಕಾವ್ಯದ ರುಚಿಯನ್ನು ಹಣ್ಣುಕಾಯಿಗಳ ಲೆಕ್ಕದಲ್ಲಿ ಅಳೆದರು. ಬಾಯಿಗಿಟ್ಟೊಡನೆ ರಸ ಇಳಿಯುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿಯುವಷ್ಟು ಮಾತ್ರ ಶ್ರಮ ಬೇಡುವುದು ಕದಳೀಪಾಕ. ನಾರು ಸುಲಿದು, ಕರಟ ಒಡೆದು, ಅನಂತರ ತಿರುಳಿಗೆ ಬಾಯಿಡಬೇಕಾದದ್ದು ನಾರಿಕೇಳಪಾಕ. ಅಲ್ಲಿಗೆ ನಿಲ್ಲಿಸಿದರು. ತಿನ್ನುವ ಪದಾರ್ಥಗಳಲ್ಲಿ ತೆಂಗಿನಕಾಯಿಗಿಂತ ಗಟ್ಟಿಯಾದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲವೆಂದು ತೋರುತ್ತದೆ. ಅವರೇನಾದರೂ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮಳೆಕಾಡುಗಳನ್ನು ಹೊಕ್ಕು ಬಂದಿದ್ದರೆ ನಾಲ್ಕನೆಯ ಪಾಕವೊಂದನ್ನು ಸೇರಿಸಲೇಬೇಕಾಗುತ್ತಿತ್ತು. ಅದಕ್ಕೆ ಏನು ಹೆಸರಿಡುತ್ತಿದ್ದರೋ ಕಾಣೆ. ಹೆಸರಿನ ವಿಷಯದಲ್ಲಿ ಆ ಕಾಯಿಯ ಅದೃಷ್ಟ ಅಷ್ಟು ಒಳ್ಳೆಯದಲ್ಲ.

ಕಾಯಿಗೆ ಲೋಕ ಇಟ್ಟಿರುವ ಹೆಸರು ಮಕಡೇಮಿಯ. ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಬಾದಾಮಿ ಪಿಸ್ತಾಗಳ ಪಕ್ಕದಲ್ಲಿ ಅದರ ತಿರುಳನ್ನಿಟ್ಟು ಮಾರುತ್ತಾರೆ. ಬೆಲೆ ಕೇಳಿದವರು ಮೆಲ್ಲಗೆ ಬಾದಾಮಿಯ ಕಡೆಗೇ ತಿರುಗಿಬಿಡುತ್ತಾರೆ. ಮಕ್ಕಳಾಡುವ ಗೋಲಿಯಷ್ಟು ದಪ್ಪ, ಕಾಯಿಸುವ ಮುಂಚಿನ ಬೆಣ್ಣೆಯ ಬಣ್ಣ. ಹಲ್ಲಿಗೆ ಕರುಂ ಎನ್ನುತ್ತದೆ, ನಾಲಗೆಯ ಮೇಲೆ ಕರಗುತ್ತದೆ. ಕರಗದೆ ಏನು ಮಾಡೀತು? ತೂಕದಲ್ಲಿ ಮುಕ್ಕಾಲು ಪಾಲು ಎಣ್ಣೆಯೇ. ಆದರೆ ಅಂಗಡಿಯ ತಿರುಳನ್ನು ತಿಂದಮಾತ್ರಕ್ಕೆ ಒಬ್ಬನಿಗೆ ಮಕಡೇಮಿಯ ಗೊತ್ತಾಯಿತೆಂದು ನಾನು ಒಪ್ಪಲಾರೆ. ಚಿಪ್ಪಿನೊಡನೆ ಗುದ್ದಾಡದವನಿಗೆ ಅದರ ಪರಿಚಯ ಅರ್ಧ ಮಾತ್ರ.

ಈ ಗುದ್ದಾಟದ ಯೋಗ ನನಗೆ ಒದಗಿದ್ದು ಮಗಳ ಬಾಣಂತನದಿಂದ. ಮಗಳೂ ಅಳಿಯನೂ ಕ್ವೀನ್ಸ್‌ಲ್ಯಾಂಡಿನ ಬ್ರಿಸ್ಬೇನ್ ನಗರದಲ್ಲಿದ್ದಾರೆ. ಬಾಣಂತನ ಮಾಡಲು ಹೋದವಳು ನನ್ನ ಹೆಂಡತಿ. ನಾನು ಅವಳ ಪೆಟ್ಟಿಗೆಗಳ ಜೊತೆಗೆ ಹೋದವನು. ಕೊಪ್ಪದ ಹತ್ತಿರದ ನಮ್ಮ ಸಣ್ಣ ತೋಟವನ್ನು ರೈಟರಿಗೆ ಒಪ್ಪಿಸಿ, ಏಪ್ರಿಲಿನಲ್ಲಿ ಹೊರಟು ಸೆಪ್ಟೆಂಬರಿನ ಕೊನೆಗೆ ಹಿಂದಿರುಗಿದೆವು. ಬೀಜ, ಕಾಯಿ, ಗಿಡದ ಕಡ್ಡಿ ಯಾವುದನ್ನೂ ಆ ದೇಶದೊಳಕ್ಕೆ ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿಯ ಬಾಣಂತಿ ಖಾರದ ಡಬ್ಬಿಯನ್ನು ಒಬ್ಬ ಅಧಿಕಾರಿ ಮುಚ್ಚಳ ತೆಗೆದು ಮೂಸಿ, ಎರಡು ಸಲ ಸೀನಿ, ಗೌರವದಿಂದ ಹಿಂದಕ್ಕೆ ಕೊಟ್ಟ.

ಮಗಳ ಮನೆಯ ಹಿತ್ತಿಲಲ್ಲಿ ಒಂದು ಮರವಿತ್ತು. ನಮ್ಮ ಹಲಸಿನ ಮರದಂತೆ ಒತ್ತಾದ ಕಡುಹಸಿರು ಕೊಡೆ. ಗೆಣ್ಣಿಗೆ ಮೂರು ಮೂರರಂತೆ ಬಿರುಸಾದ ಎಲೆಗಳು. ಎಳೆಯ ಕೊಂಬೆಯ ಎಲೆಯ ಅಂಚಿನಲ್ಲಿ ಸಣ್ಣ ಮುಳ್ಳು. ಕೊಂಬೆಗಳಲ್ಲಿ ಹಸಿರು ಕಾಯಿಗಳ ಗೊಂಚಲು. ಮಗುವಿಗೆ ಹೊಟ್ಟೆನುಲಿತ ಬಂದು ರಾತ್ರಿ ಎರಡು ಗಂಟೆಗೆ ಎದ್ದು ಅಳುತ್ತಿದ್ದ ದಿನಗಳಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುವ ಪಾಳಿ ನನ್ನದು. ಊರೆಲ್ಲ ನಿದ್ದೆಯಲ್ಲಿದ್ದಾಗ ಹಿತ್ತಿಲ ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಟಪ್ ಎಂದು ಒಂದು ಕಾಯಿ ಬೀಳುವುದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಗು ಅಳು ನಿಲ್ಲಿಸಿ ಕಿವಿಗೊಡುತ್ತಿತ್ತು. ಮುಂದಿನ ಕಾಯಿ ಬೀಳುವಷ್ಟರಲ್ಲಿ ಎಷ್ಟೋ ಸಲ ನಿದ್ದೆ ಹೋಗಿರುತ್ತಿತ್ತು.

ಈ ಮರದ ದೊಡ್ಡ ಗುಣ ಅದೇ. ಕಾಯಿಯನ್ನು ಕೀಳುವಂತಿಲ್ಲ. ಬಲಿತದ್ದಕ್ಕೂ ಬಲಿಯದ್ದಕ್ಕೂ ಹೊರಗಿನಿಂದ ನೋಡಿದರೆ ಹೆಚ್ಚು ಭೇದ ಕಾಣುವುದಿಲ್ಲ. ಬಣ್ಣ ತಿರುಗುವುದಿಲ್ಲ, ವಾಸನೆ ಬರುವುದಿಲ್ಲ. ಹೂವಾದ ಮೇಲೆ ಆರೇಳು ತಿಂಗಳು ಕಾದು, ಎಣ್ಣೆ ತುಂಬಿತೆಂದು ಮರಕ್ಕೆ ತೋರಿದಾಗ ಮರವೇ ಬಿಟ್ಟುಕೊಡುತ್ತದೆ. ಮಾರ್ಚಿಯಿಂದ ಆಗಸ್ಟಿನ ತನಕ ದಿನಕ್ಕಿಷ್ಟು ಎಂದು ಉದುರಿಸುತ್ತದೆ. ಕೆಳಗೆ ಬಿದ್ದದ್ದನ್ನು ಆಯ್ದುಕೊಳ್ಳುವುದಷ್ಟೇ ಮನುಷ್ಯನಿಗೆ ಬಿಟ್ಟ ಕೆಲಸ. ಅಡಿಕೆಯ ಗೊನೆಗೆ ಕಾಲ ನೋಡಿ ಕೊನೆಗಾರನನ್ನು ಹುಡುಕಿ ಹೈರಾಣಾಗುವ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ವ್ಯವಸ್ಥೆ.

ಬೆಳಿಗ್ಗೆ ಒಂದು ಬುಟ್ಟಿ ಆಯ್ದು ತಂದೆ. ಹಸಿರು ಸಿಪ್ಪೆ ಕೈಯಲ್ಲೇ ಬಿರಿಯಿತು. ಒಳಗಿನ ಚಿಪ್ಪು ಕಂದುಬಣ್ಣದ್ದು, ನುಣುಪು, ಮೆರುಗು ಕೊಟ್ಟಂತೆ. ನನ್ನ ಹೆಂಡತಿಯ ಎಲೆಯಡಿಕೆ ಕುಟ್ಟುವ ಹಿತ್ತಾಳೆಯ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ. ಕುಟ್ಟಾಣಿಯ ತಳ ತಗ್ಗಿತು. ಕಾಯಿ ಇದ್ದ ಹಾಗೇ ಇತ್ತು. ಸುತ್ತಿಗೆ ತಂದೆ. ಕಾಯಿ ಹಾರಿ ಬೇಲಿಯಾಚೆ ಹೋಯಿತು. "ಅದರ ಜೊತೆ ಕುಸ್ತಿ ಸಾಕು, ನೀರು ಕಾದಿದೆ, ಸ್ನಾನಕ್ಕೆ ಏಳಿ," ಎಂದು ಒಳಗಿನಿಂದ ಕೂಗು. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಒಂದು ಇಟ್ಟಿಗೆಯ ನಡುವಣ ಕುಳಿಯಲ್ಲಿ ಕಾಯಿಯನ್ನು ಕೂರಿಸಿ ಹೊಡೆದೆ. ಒಡೆಯಿತು, ಒಡೆದದ್ದು ಮಾತ್ರವಲ್ಲ, ಒಳಗಿನ ತಿರುಳು ಚಿಪ್ಪಿಗೆ ಅಂಟಿಕೊಂಡು ಚಟ್ನಿಯಾಯಿತು. ಸಂಜೆ ಅಳಿಯ ಬಂದು ನಕ್ಕು ವಿವರಿಸಿದರು. ಹಸಿಯಲ್ಲಿ ಒಡೆಯಬಾರದಂತೆ. ಕೆಲವು ವಾರ ನೆರಳಿನಲ್ಲಿ ಒಣಗಿಸಬೇಕು. ಒಳಗಿನ ನೀರು ಆರಿ ತಿರುಳು ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿಯ ಗಿಟುಕಿನಂತೆ ಸದ್ದಾಗುತ್ತದೆ. ಆಗ ತಿರುಗಣೆಯ ಒಡೆಯುವ ಸಾಧನಕ್ಕೆ ಕೊಟ್ಟರೆ ತಿರುಳು ಇಡಿಯಾಗಿ ಬರುತ್ತದೆ.

ಇಟ್ಟಿಗೆಯ ಕುಳಿಯ ಉಪಾಯ ನನ್ನದೆಂದು ಎರಡು ದಿನ ಬೀಗುತ್ತಿದ್ದೆ. ಅದು ಆ ಮಣ್ಣಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮಾಡಿಕೊಂಡು ಬಂದದ್ದು. ಕಲ್ಲಿನಲ್ಲಿ ಒಂದು ಕುಳಿ, ಕುಳಿಯಲ್ಲಿ ಕಾಯಿ, ಮೇಲೊಂದು ಕಲ್ಲಿನ ಪೆಟ್ಟು. ತಿರುಳನ್ನು ತಿಂದರು; ಎಣ್ಣೆ ತೆಗೆದು ಕಾವಿಮಣ್ಣಿನೊಡನೆ ಕಲಸಿ ಮೈಗೆ ಬಣ್ಣ ಬರೆದುಕೊಂಡರು. ಆ ಸೀಮೆಯ ಒಂದು ಜನಾಂಗದ ಹೆಸರು ಗುಬ್ಬಿ ಗುಬ್ಬಿ. ತುಮಕೂರಿನ ದಾರಿಯಲ್ಲಿ ಓಡಾಡಿದ ನನ್ನ ಕಿವಿಗೆ ಆ ಹೆಸರು ಬಿದ್ದಾಗ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಅಲ್ಲಿನ ಜನ ಈ ಕಾಯಿಯನ್ನು ಕರೆಯುತ್ತಿದ್ದ ಹೆಸರುಗಳು ಹಲವು: ಜಿಂಡಿಲ್ಲಿ, ಗಿಂಡಲ್, ಬೂಂಬೆರ, ಬಾಪಲ್. ಜಿಂಡಿಲ್ಲಿ ಎಂದಾಗ ಕಾಯಿ ಕಲ್ಲಿನ ಮೇಲೆ ಪುಟಿದು ಉರುಳಿದಂತೆಯೇ ಕೇಳುತ್ತದೆ. ಇಷ್ಟು ಒಳ್ಳೆಯ ಹೆಸರುಗಳಿದ್ದರೂ ಪುಸ್ತಕಕ್ಕೆ ಹತ್ತಿದ್ದು ಇವುಗಳಲ್ಲಿ ಒಂದೂ ಅಲ್ಲ.

1850ರ ದಶಕದ ಕೊನೆಗೆ ಮೆಲ್ಬರ್ನಿನ ಸಸ್ಯವಿಜ್ಞಾನಿ ಫರ್ಡಿನೆಂಡ್ ಫಾನ್ ಮ್ಯೂಲರ್ ಈ ಮರವನ್ನು ಶಾಸ್ತ್ರೀಯವಾಗಿ ವರ್ಣಿಸಿ, ತನ್ನ ಮಿತ್ರ ಜಾನ್ ಮಕಡಮ್ ಎಂಬಾತನ ಹೆಸರನ್ನು ಅದಕ್ಕೆ ಇಟ್ಟ. ಮಕಡಮ್ ಸ್ಕಾಟ್ಲೆಂಡಿನಲ್ಲಿ 1827ರಲ್ಲಿ ಹುಟ್ಟಿ ಮೆಲ್ಬರ್ನಿಗೆ ಬಂದ ರಸಾಯನಶಾಸ್ತ್ರಜ್ಞ; ವೈದ್ಯ, ಅಧ್ಯಾಪಕ, ಶಾಸನಸಭೆಯ ಸದಸ್ಯ. 1858ರಲ್ಲಿ ಎರಡು ಶಾಲೆಗಳ ನಡುವೆ ನಡೆದ ಒಂದು ಹೆಸರಾಂತ ಕಾಲ್ಚೆಂಡಿನ ಪಂದ್ಯಕ್ಕೆ ಅಂಪೈರನೂ ಆಗಿದ್ದ. ವಿಷಪ್ರಯೋಗದ ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ನ್ಯೂಜಿಲೆಂಡಿಗೆ ಹೊರಟವನು 1865ರಲ್ಲಿ ಹಡಗಿನಲ್ಲೇ ತೀರಿಕೊಂಡ. ಆಗ ಅವನಿಗೆ ಮೂವತ್ತೆಂಟು ವರ್ಷ. ಒಳ್ಳೆಯ ಮನುಷ್ಯನೇ ಇದ್ದಿರಬೇಕು. ಆದರೆ ಆ ಮರವನ್ನು ನೆಟ್ಟವನಲ್ಲ, ಅದರ ಕೆಳಗೆ ಕಾದವನಲ್ಲ. ಸ್ನೇಹಿತನ ದಾಕ್ಷಿಣ್ಯದಿಂದ ಲೋಕವೆಲ್ಲ ಈಗ ತಿನ್ನುವಾಗ ಅವನನ್ನು ನೆನೆಯುತ್ತದೆ. ನೆನೆಯುತ್ತಿದ್ದೇವೆಂಬುದು ತಿನ್ನುವವರಿಗೆ ಗೊತ್ತಿಲ್ಲ, ಅಷ್ಟೆ.

ಹೆಸರಿನ ಮಾತು ನನ್ನ ಮನಸ್ಸಿಗೆ ಅಷ್ಟು ಹಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಆಗ ನಮ್ಮ ಮನೆಯಲ್ಲೂ ಅದೇ ವ್ಯಾಜ್ಯ ನಡೆಯುತ್ತಿತ್ತು. ಮಗುವಿನ ನಾಮಕರಣವಾಗಬೇಕಿತ್ತು. ನಮ್ಮ ತಂದೆಯವರ ಹೆಸರು ನೀಲಕಂಠಯ್ಯ. ಮೊಮ್ಮಗನಿಗೆ ಅದನ್ನೇ ಇಡಬೇಕೆಂದು ನನ್ನ ಹೆಂಡತಿಯ ಹಟ. ಅವಳು ತನ್ನ ಮಾವನವರ ಹೆಸರಿಗಾಗಿ ಇಷ್ಟು ಹೋರಾಡಿದ್ದು ನನಗೇ ಆಶ್ಚರ್ಯ. ಅವರು ಬದುಕಿದ್ದಾಗ ಇಬ್ಬರಿಗೂ ಅಷ್ಟಾಗಿ ಹೊಂದುತ್ತಿರಲಿಲ್ಲ. ಮಗಳಿಗೆ ಎರಡೇ ಅಕ್ಷರದ, ಆ ದೇಶದವರ ನಾಲಗೆ ತಿರುಗುವ ಹೆಸರು ಬೇಕು. ಮಾತಿಗೆ ಮಾತು ಬೆಳೆದು, "ಹಾಗಾದರೆ ಈ ಮಗು ನಮ್ಮದಲ್ಲ ಅನ್ನು," ಎಂದುಬಿಟ್ಟಳು ಅವಳ ತಾಯಿ. ಮಗಳು ತೊಟ್ಟಿಲ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಪ್ಪಯ್ಯ, ನಾನು ಬಂದು ಹನ್ನೊಂದು ವರ್ಷ ಆಯ್ತು. ಆಫೀಸಿನಲ್ಲಿ ಒಬ್ಬರೂ ನನ್ನ ಹೆಸರು ಸರಿಯಾಗಿ ಹೇಳಿಲ್ಲ. ಮೊದಮೊದಲು ತಿದ್ದುತ್ತಿದ್ದೆ. ಈಗ ಫೋನಿನಲ್ಲಿ ನಾನೇ ಅವರ ಹಾಗೆ ಹೇಳಿಕೊಳ್ಳುತ್ತೇನೆ."

ಅವಳ ಹೆಸರು ನಾನಿಟ್ಟದ್ದು. ಪಂಚಾಂಗ ನೋಡಿ, ನಿಘಂಟು ನೋಡಿ, ಎರಡು ರಾತ್ರಿ ಯೋಚಿಸಿ ಇಟ್ಟದ್ದು. ಆ ದಿನ ಊಟದ ಹೊತ್ತಿಗೆ ಯಾರೂ ಹೆಚ್ಚು ಮಾತಾಡಲಿಲ್ಲ. ನಾಮಕರಣ ಹದಿನೈದು ದಿನ ಮುಂದೆ ಹೋಯಿತು.

ಮನೆಯೊಳಗೆ ಇಂಥ ಹವೆಯಿದ್ದಾಗ ಗಂಡಸರಿಗೆ ಪುಸ್ತಕವೇ ಗತಿ. ಅಳಿಯ ತಂದುಕೊಟ್ಟ ಪುಸ್ತಕಗಳಲ್ಲಿ ಮಕಡೇಮಿಯದ ಪುರಾಣವನ್ನು ಓದುತ್ತ ಕುಳಿತೆ. ಬ್ರಿಸ್ಬೇನಿನ ಸಸ್ಯೋದ್ಯಾನದ ಮೊದಲ ಮೇಲ್ವಿಚಾರಕ ವಾಲ್ಟರ್ ಹಿಲ್, 1858ರಲ್ಲಿ ಅಲ್ಲಿ ಒಂದು ಮರ ನೆಟ್ಟ. ಅದು ಇಂದಿಗೂ ನಿಂತಿದೆ. ಬೀಜ ಬೇಗ ಮೊಳೆಯಲೆಂದು ಚಿಪ್ಪು ಒಡೆಯುವುದಕ್ಕೆ ಅವನೊಬ್ಬ ಹುಡುಗನನ್ನು ಕೂರಿಸಿದನಂತೆ. ಹುಡುಗ ಒಡೆದದ್ದರಲ್ಲಿ ಕೆಲವನ್ನು ಬಾಯಿಗೆ ಹಾಕಿಕೊಂಡ. ಕಾಯಿ ವಿಷವೆಂದು ನಂಬಿದ್ದ ಹಿಲ್‌ನ ಎದೆ ಒಡೆಯಿತು. ಒಂದು ದಿನ ಕಾದ, ಎರಡು ದಿನ ಕಾದ. ಹುಡುಗ ಇನ್ನಷ್ಟು ಕೇಳಿಕೊಂಡು ಬಂದ. ಬಿಳಿಯರಿಗೆ ಈ ಕಾಯಿ ತಿನ್ನಲು ಯೋಗ್ಯವೆಂದು ತಿಳಿದ ಬಗೆ ಹೀಗೆಂದು ಕಥೆ ಹೇಳುತ್ತಾರೆ. ಪಕ್ಕದ ಕಾಡಿನಲ್ಲಿ ಅದನ್ನೇ ತಿಂದು ಬಾಳಿದ ಜನರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ತಿಳಿಯುತ್ತಿತ್ತು. ವಿಷವೆಂಬುದು ನಾಯಿಗೆ ಮಾತ್ರ ಸ್ವಲ್ಪ ನಿಜ. ನಾವಿದ್ದಾಗಲೇ ಪಕ್ಕದ ಮನೆಯ ನಾಯಿಯೊಂದು ತಿರುಳು ತಿಂದು ಹಿಂಗಾಲು ಎತ್ತಲಾರದೆ ಒಂದು ದಿನವೆಲ್ಲ ಬಿದ್ದುಕೊಂಡಿತ್ತು. ಮರುದಿನ ಎದ್ದು ಓಡಾಡಿತು.

ಮರಕ್ಕೆ ಭಾಗ್ಯ ತೆರೆದದ್ದು ತವರಿನಲ್ಲಲ್ಲ. 1880ರ ದಶಕದ ಮೊದಲಲ್ಲಿ ವಿಲಿಯಂ ಪರ್ವಿಸ್ ಎಂಬ ಸಕ್ಕರೆ ತೋಟದವನು ಕೆಲವು ಬೀಜಗಳನ್ನು ಹವಾಯಿ ದ್ವೀಪಕ್ಕೆ ಒಯ್ದ. ಆಗ ಖಾರದ ಡಬ್ಬಿ ಮೂಸುವ ಅಧಿಕಾರಿಗಳು ಇರಲಿಲ್ಲ. ನಮ್ಮ ಬಾಬಾಬುಡನ್ ಗಿರಿಗೆ ಏಳು ಕಾಫಿ ಬೀಜಗಳು ಬಂದ ಐತಿಹ್ಯವನ್ನು ಕೇಳುತ್ತ ಬೆಳೆದ ನನಗೆ ಈ ಬೀಜದ ಚೀಲದ ಕಥೆ ಹೊಸದೆನಿಸಲಿಲ್ಲ. ಅಲ್ಲಿ ಮೊದಲು ಅದನ್ನು ಚೆಂದಕ್ಕೆಂದೂ ಕಬ್ಬಿನ ಗದ್ದೆಗೆ ಗಾಳಿ ತಡೆಯಲೆಂದೂ ಬೆಳೆಸಿದರು. ಬೀಜದಿಂದ ಹುಟ್ಟಿದ ಮರಗಳು ಒಂದೊಂದು ಒಂದೊಂದು ತರ: ಒಂದರ ಚಿಪ್ಪು ದಪ್ಪ, ಒಂದರ ತಿರುಳು ಸಣ್ಣದು, ಒಂದು ಕಾಯುವುದೇ ಇಲ್ಲ. ಕಸಿ ಮಾಡಲು ಹೋದರೆ ಹತ್ತುವುದಿಲ್ಲ. ಬಹಳ ಮೊಂಡ ಜಾತಿ. 1930ರ ದಶಕದಲ್ಲಿ ಹವಾಯಿಯ ಪ್ರಯೋಗಕೇಂದ್ರದವರು ಒಂದು ಉಪಾಯ ಕಂಡುಕೊಂಡರು. ಕಸಿಯ ಕೊಂಬೆಯನ್ನು ಕೊಯ್ಯುವ ಕೆಲವು ವಾರ ಮೊದಲೇ ಅದರ ಬುಡದ ತೊಗಟೆಯನ್ನು ಬಳೆಯಂತೆ ಸುತ್ತ ತೆಗೆಯುವುದು. ಎಲೆ ತಯಾರಿಸಿದ ಆಹಾರ ಕೆಳಗಿಳಿಯಲಾರದೆ ಕೊಂಬೆಯಲ್ಲೇ ನಿಲ್ಲುತ್ತದೆ. ಹೀಗೆ ಬುತ್ತಿ ಕಟ್ಟಿಸಿಕೊಂಡ ಕೊಂಬೆ ಹೊಸ ಬುಡದಲ್ಲಿ ಬೇರೂರುವಷ್ಟು ದಿನ ತಾಳಿಕೊಳ್ಳುತ್ತದೆ. ಹೆಣ್ಣುಮಕ್ಕಳನ್ನು ದೂರದೇಶಕ್ಕೆ ಕಳಿಸಿದವರಿಗೆ ಈ ಶಾಸ್ತ್ರ ಬೇಗ ಅರ್ಥವಾಗುತ್ತದೆ.

ಕಸಿ ಹತ್ತಿದ ಮೇಲೆ ತೋಟಗಳು ಎದ್ದವು, ಕಾರ್ಖಾನೆಗಳು ಎದ್ದವು, ಚಾಕೊಲೇಟಿನಲ್ಲಿ ಅದ್ದಿದ ಡಬ್ಬಿಗಳು ಲೋಕದ ಮೇಲೆ ಹೊರಟವು. ಎಷ್ಟೋ ಜನರಿಗೆ ಅದು ಹವಾಯಿಯ ಕಾಯಿಯೇ ಆಯಿತು. ತವರಿನಲ್ಲಿ 1880ರ ದಶಕದಲ್ಲೇ ಲಿಸ್ಮೋರಿನ ಬಳಿ ಒಬ್ಬ ರೈತ ತೋಟ ಹಾಕಿದ್ದುಂಟು. ಆದರೆ ದೊಡ್ಡ ಪ್ರಮಾಣದ ಬೇಸಾಯ ಶುರುವಾದದ್ದು 1960ರ ದಶಕದಲ್ಲಿ, ಅದೂ ಬಹುಮಟ್ಟಿಗೆ ಹವಾಯಿಯಿಂದ ತರಿಸಿದ ಕಸಿತಳಿಗಳಿಂದ. ಅಷ್ಟರಲ್ಲಿ ಲಿಸ್ಮೋರಿನ ಸುತ್ತ ಸುಮಾರು 75,000 ಹೆಕ್ಟೇರಿನಷ್ಟಿದ್ದ ಮಳೆಕಾಡನ್ನು ಹಸುಗಳ ಹುಲ್ಲುಗಾವಲಿಗಾಗಿ ಕಡಿದು ಹಾಕಿಯಾಗಿತ್ತು. 1900ರ ಹೊತ್ತಿಗೆ ಉಳಿದದ್ದು ನೂರರಲ್ಲಿ ಒಂದು ಪಾಲೂ ಅಲ್ಲ. ಕಡಿದ ಕಾಡಿನಲ್ಲಿ ಮಕಡೇಮಿಯ ತಾನಾಗಿ ಬೆಳೆದಿತ್ತು. ಅದೇ ಕೆಂಪು ಮಣ್ಣಿಗೆ, ಸಮುದ್ರ ದಾಟಿ ಹೋಗಿದ್ದ ಅದರ ಸಂತಾನ ಬೆಲೆಯ ಚೀಟಿ ಅಂಟಿಸಿಕೊಂಡು ಹಿಂದಕ್ಕೆ ಬಂತು.

ಒಂದು ಭಾನುವಾರ ಅಳಿಯ ನಮ್ಮನ್ನು ಉತ್ತರಕ್ಕೆ ಗಿಂಪಿ ಎಂಬ ಊರಿನ ಕಡೆ ಕರೆದುಕೊಂಡು ಹೋದರು. ಮಗಳು ಮಗುವನ್ನೆತ್ತಿಕೊಂಡು ಜೊತೆಗೆ ಬಂದಳು; ತಾಯಿ ಮಗಳಿಗೆ ಅಷ್ಟಿಷ್ಟು ಮಾತು ಮರಳಿತ್ತು. ಅಲ್ಲಿ ಒಬ್ಬ ರೈತರ ತೋಟ ನೋಡಿದೆವು. ಸಾಲು ಸಾಲಾಗಿ ಮರ. ಕೆಳಗೆ ಗುಡಿಸಿದ ಅಂಗಳದಂಥ ನೆಲ. ಕಾಯಿಗಳನ್ನು ಬೆರಳುಗಳಂಥ ಹಲ್ಲುಗಳಲ್ಲಿ ಸಿಕ್ಕಿಸಿಕೊಂಡು ಎತ್ತುವ ಉರುಳೆಯ ಯಂತ್ರ. ಆಯ್ದ ಒಂದು ದಿನದೊಳಗೆ ಹಸಿರು ಸಿಪ್ಪೆ ಬಿಡಿಸದಿದ್ದರೆ ಕಾಯಿ ಬಿಸಿಯೇರಿ ಕೆಡುತ್ತದಂತೆ. ಆಮೇಲೆ ಗಾಳಿಯಲ್ಲೂ ಮೆಲ್ಲನೆಯ ಬಿಸಿಯಲ್ಲೂ ಒಣಗಿಸಿ, ತೇವ ನೂರಕ್ಕೆ ಒಂದೂವರೆ ಭಾಗಕ್ಕೆ ಇಳಿದ ಮೇಲೆ ಒಡೆಯುವುದು. ತಿರುಳು ಸಿಕ್ಕುವುದು ಕಾಯಿಯ ತೂಕದ ಮೂರರಲ್ಲೊಂದು ಪಾಲು. ಉಳಿದ ಚಿಪ್ಪನ್ನು ಒಲೆಗೆ ಹಾಕುತ್ತಾರೆ, ಇದ್ದಲಿನಂತೆ ಉರಿಯುತ್ತದೆ. ಒಂದು ಗೊಂಚಲಿನಲ್ಲಿ ನೂರರಿಂದ ಮುನ್ನೂರು ಹೂ. ಕಾಯಿಯಾಗಿ ನಿಲ್ಲುವುದು ಬೆರಳೆಣಿಕೆಯಷ್ಟು. ಕಸಿಯ ಮರ ನಾಲ್ಕೈದು ವರ್ಷಕ್ಕೆ ಫಲ ತೋರಿಸಿ, ಹತ್ತು ಹನ್ನೆರಡು ವರ್ಷಕ್ಕೆ ತುಂಬು ಫಸಲಿಗೆ ಬರುತ್ತದೆ. ಆಮೇಲೆ ಬಹಳ ಕಾಲ ಕೊಡುತ್ತದೆ.

ಆ ರೈತರು ತೋರಿಸಿದ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಒಂದು, ನೀರಿನ ಪರೀಕ್ಷೆ. ಒಣಗಿದ ತಿರುಳುಗಳನ್ನು ಒಂದು ಪಾತ್ರೆಯ ನೀರಿಗೆ ಸುರಿದರು. ಕೆಲವು ಮುಳುಗಿದವು, ಹೆಚ್ಚಿನವು ತೇಲಿದವು. ನಮ್ಮಲ್ಲಿ ಬಿತ್ತನೆಯ ಭತ್ತವಾಗಲಿ ಕಾಫಿ ಹಣ್ಣಾಗಲಿ, ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಅಲ್ಲಿ ತೇಲಿದ್ದೇ ಒಳ್ಳೆಯದು. ಎಣ್ಣೆ ತುಂಬಿದ್ದರಿಂದ ಹಗುರ. ಎರಡನೆಯದು ಬೇರು. ಮರದ ಬುಡದ ತರಗನ್ನು ಕೈಯಿಂದ ಸರಿಸಿ ತೋರಿಸಿದರು; ನೆಲದ ಮೇಲ್ಪದರದಲ್ಲೇ ಸಣ್ಣ ಬಾಟಲಿ ತೊಳೆಯುವ ಬ್ರಷ್ಷಿನಂಥ ಬೇರಿನ ಕುಚ್ಚುಗಳು. ರಂಜಕ ಕಡಮೆಯಿರುವ ಬಡ ನೆಲದಲ್ಲಿ ಅದನ್ನು ಹುಡುಕಿ ಹೀರಲು ಈ ಮರ ಕಲಿತ ವಿದ್ಯೆ ಅದು. ಪ್ರೀತಿಯಿಂದ ರಂಜಕದ ಗೊಬ್ಬರವನ್ನು ಹೆಚ್ಚು ಸುರಿದರೆ ಮರ ಕಾಯಿಲೆ ಬೀಳುತ್ತದೆ.

ತೋಟದ ಮರಗಳೆಲ್ಲ ಎಲ್ಲಿಯವು ಎಂದು ನಾನು ಕೇಳಿದೆ. "ಹವಾಯಿಯ ತಳಿ," ಎಂದರು. ಆಮೇಲೆ ನಕ್ಕು, ಕೈಯೆತ್ತಿ ಹತ್ತಿರದ ಗುಡ್ಡದ ಸಾಲನ್ನು ತೋರಿಸಿದರು. ಹವಾಯಿಯ ತಳಿಗಳ ಮೂಲವನ್ನು ಹುಡುಕಿಕೊಂಡು ಹೋದ ವಿಜ್ಞಾನಿಗಳು ಎಲೆಯ ಹಸಿರುಕಣಗಳ ವಂಶವಾಹಿಯನ್ನು ಓದಿ ನೋಡಿದರು. 2019ರಲ್ಲಿ ಅದನ್ನು ಪ್ರಕಟಿಸಿದರು. ಆ ತಳಿಗಳಲ್ಲಿ ಬಹುಪಾಲು, ಗಿಂಪಿಗೆ ಹತ್ತಿರದ ಒಂದು ಚಿಕ್ಕ ಕಾಡಿನ ಮರಗಳ, ಪ್ರಾಯಶಃ ಒಂದೇ ಮರದ, ಸಂತಾನವೆಂದು ತಿಳಿದುಬಂತು. ಇಂದು ದಕ್ಷಿಣ ಆಫ್ರಿಕ, ಕೀನ್ಯಾ, ಚೀನದ ಯುನ್ನಾನ್ ಮೊದಲಾದ ಕಡೆ ಹಬ್ಬಿರುವ ತೋಟಗಳಲ್ಲಿ ಬಹಳಷ್ಟು ಮರಗಳಿಗೆ ಅದೇ ತಾಯಿಬೇರು. ಕಾಡಿನ ಮಕಡೇಮಿಯಗಳಾದರೋ ನಾಲ್ಕು ಜಾತಿ. ತಿನ್ನಲು ಬರುವುದು ಎರಡು, ಉಳಿದೆರಡರ ಕಾಯಿ ಕಹಿ. ನಾಲ್ಕೂ ಇಂದು ಅಳಿವಿನ ಭಯದ ಪಟ್ಟಿಯಲ್ಲಿವೆ. ಕೊನೆಯದಂತೂ 1983ರಲ್ಲಿ ಮೊದಲ ಸಲ ಕಣ್ಣಿಗೆ ಬಿದ್ದದ್ದು. ಕಾಡಿನಲ್ಲಿ ಉಳಿದಿರುವ ಮರಗಳು ಸುಮಾರು ನೂರು ಮಾತ್ರ.

ತಿನ್ನಲಾಗದ ಕಹಿ ಕಾಯಿಯ ನೂರು ಮರ ಉಳಿದರೇನು, ಹೋದರೇನು ಎನ್ನುವವರಿಗೆ ಕಾಫಿ ಬೆಳೆಗಾರನಾದ ನಾನು ಉತ್ತರ ಹೇಳಬಲ್ಲೆ. 1869ರಲ್ಲಿ ಸಿಂಹಳದ ಕಾಫಿಗೆ ಎಲೆತುಕ್ಕು ರೋಗ ಬಂತು. ತೋಟಗಳೆಲ್ಲ ಒಂದೇ ಕುಲದವು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು, ಕೆಲವೇ ವರ್ಷಗಳಲ್ಲಿ ಆ ದ್ವೀಪ ಕಾಫಿ ಬಿಟ್ಟು ಟೀ ಹಿಡಿಯಿತು. ಆಮೇಲೆ ರೋಗ ತಾಳುವ ಗುಣಕ್ಕಾಗಿ ಜನ ಕಾಡು ಕಾಡು ಸುತ್ತಿ ಕಾಫಿಯ ಬಡ ನೆಂಟರನ್ನು ಹುಡುಕಬೇಕಾಯಿತು. ಮಕಡೇಮಿಯಕ್ಕೆ ಅಂಥ ದಿನ ಬಂದರೆ ಹವಾಯಿಗೆ ಹೋಗಿ ಪ್ರಯೋಜನವಿಲ್ಲ. ಈ ಗುಡ್ಡದ ಸಾಲಿಗೇ ಬರಬೇಕು. ಜಿಂಡಿಲ್ಲಿ ಎಂದು ಕರೆದವರು ಇಷ್ಟು ಕಾಲ ಅದನ್ನು ಕಡಿಯದೆ ಇಟ್ಟುಕೊಂಡಿದ್ದರೆಂಬುದು ಸಣ್ಣ ಉಪಕಾರವಲ್ಲ.

ಹಿಂದಿರುಗುವಾಗ ಮೇರಿ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ನನ್ನ ಹೆಂಡತಿ ನೀರಿಗಿಳಿದು ಕೈತೊಳೆಯುತ್ತಿದ್ದವಳು ತಲೆಯೆತ್ತಿ ನೋಡಿ, "ಅಯ್ಯೋ, ನಮ್ಮ ಸಿಲ್ವರ್!" ಎಂದು ಕೂಗಿದಳು. ನಿಜ. ದಂಡೆಯುದ್ದಕ್ಕೂ ಸಿಲ್ವರ್ ಓಕ್ ಮರಗಳು. ಜರಿಗಿಡದಂಥ ಎಲೆ, ಗಾಳಿ ಬೀಸಿದರೆ ಕೆಳಮೈಯ ಬೆಳ್ಳಿ. ನಮ್ಮ ತೋಟದಲ್ಲಿ ಕಾಫಿಗೆ ನೆರಳು ಕೊಡುವುದು, ಮೆಣಸಿನ ಬಳ್ಳಿಯನ್ನು ಮೈಗೆ ಹಬ್ಬಿಸಿಕೊಳ್ಳುವುದು, ಕಷ್ಟಕಾಲದಲ್ಲಿ ನಾಟಾ ಆಗಿ ಸಾಲ ತೀರಿಸುವುದು, ಎಲ್ಲವೂ ಅದೇ. "ಇವರೂ ನಮ್ಮಿಂದ ತಂದು ನೆಟ್ಟಿದ್ದಾರೆ ನೋಡಿ," ಎಂದು ಅವಳಿಗೆ ಹೆಮ್ಮೆ. ಅಳಿಯ ಮೆಲ್ಲಗೆ, "ಇಲ್ಲ ಅತ್ತೆ, ಅದು ಇಲ್ಲಿಯದೇ ಮರ. ಇಲ್ಲಿಂದಲೇ ನಮ್ಮ ಕಡೆಗೆ ಹೋದದ್ದು," ಎಂದರು. ಅವಳು ನಂಬಲಿಲ್ಲ, ನನ್ನನ್ನು ಕೇಳಿದಳು. ನಾನು ಹೌದೆಂದೆ. ಸಿಲ್ವರೂ ಮಕಡೇಮಿಯವೂ ಒಂದೇ ಕುಟುಂಬ, ಒಂದೇ ಸೀಮೆ. ಬೇರಿನ ಕುಚ್ಚೂ ಒಂದೇ ಬಗೆ. 19ನೆಯ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಟೀ ಕಾಫಿ ತೋಟಗಳಿಗೆ ನೆರಳಿಗೆಂದು ಬಂದದ್ದು. ಅದಕ್ಕೂ ಪುಸ್ತಕದಲ್ಲಿ ಇಟ್ಟಿರುವುದು ಇನ್ನೊಬ್ಬ ದೊರೆಯ ಹೆಸರೇ: ಚಾರ್ಲ್ಸ್ ಗ್ರೆವಿಲ್ ಎಂಬ ಇಂಗ್ಲೆಂಡಿನ ಸಸ್ಯಪ್ರೇಮಿ, 1809ರಲ್ಲೇ ತೀರಿಹೋದವನು. ನಮ್ಮಲ್ಲಿ ಯಾವ ಆಳಿಗೂ ಗ್ರೆವಿಲ್ ಗೊತ್ತಿಲ್ಲ. ಸಿಲ್ವರ್ ಎಂದರೆ ಸಾಕು, ಮಲೆನಾಡಿನ ಮರವೆಂದೇ ಲೆಕ್ಕ.

ನನ್ನ ಹೆಂಡತಿ ಬಹಳ ಹೊತ್ತು ಆ ಮರಗಳನ್ನೇ ನೋಡುತ್ತ ಕುಳಿತಳು. ಮಗಳು ಹುಟ್ಟಿದ ವರ್ಷ ನಾವು ನಲವತ್ತು ಸಿಲ್ವರ್ ನೆಟ್ಟಿದ್ದೆವು; ಅವಳ ಮದುವೆಗೆಂದು ಅದರಲ್ಲಿ ಇಪ್ಪತ್ತೈದನ್ನು ಕಡಿಸಿದ್ದೆವು. ಆಕೆಗೆ ಏನು ತೋರಿತೋ ನಾನು ಕೇಳಲಿಲ್ಲ. ಕಾರಿನಲ್ಲಿ ಮಗುವನ್ನು ಮಗಳ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡು, "ಶಾಲೆಯಲ್ಲಿ ನೀಲ್ ಅಂತ ಕರೆದರೆ ಅವರಿಗೆ ನಾಲಗೆ ತಿರುಗುತ್ತದೆಯೇನೆ?" ಎಂದಳು. "ತಿರುಗುತ್ತದೆ, ಅಮ್ಮ. ಅದು ಅವರಲ್ಲೂ ಇರುವ ಹೆಸರು," ಎಂದಳು ಮಗಳು. "ಹಾಗಾದರೆ ಅವರು ನೀಲ್ ಅನ್ನಲಿ. ನಾನು ನೀಲಕಂಠ ಅನ್ನುತ್ತೇನೆ." ಮುಂದಿನ ಶುಕ್ರವಾರ ನಾಮಕರಣವಾಯಿತು. ಆ ದಿನದ ಬರ್ಫಿಗೆ ಗೋಡಂಬಿಯ ಬದಲು ಹಿತ್ತಿಲ ಮಕಡೇಮಿಯವನ್ನೇ ಅರೆದು ಹಾಕಿದಳು. ತುಪ್ಪ ಎರಡು ಚಮಚ ಹಾಕಿದ್ದಕ್ಕೆ ನಾಲ್ಕು ಚಮಚ ಬಿಟ್ಟಿತು.

ಊರಿಗೆ ಬಂದೆವು. ನಮ್ಮ ತೋಟದ ಮೇಲುಗಡೆ ಕಾಂಡಕೊರಕ ಹೊಡೆದು ಅರೇಬಿಕಾ ಸತ್ತ ಅರ್ಧ ಎಕರೆ ಇಳಿಜಾರು ಖಾಲಿ ಬಿದ್ದಿತ್ತು. ಕೊಡಗು ಚಿಕ್ಕಮಗಳೂರು ಸೀಮೆಯಲ್ಲಿ ಕೆಲವರು ಪ್ರಯೋಗಕ್ಕೆಂದು ಮಕಡೇಮಿಯ ನೆಟ್ಟಿದ್ದಾರೆ. ಕೊಡಗಿನ ಪರಿಚಯದ ಬೆಳೆಗಾರರೊಬ್ಬರಿಂದ ಹತ್ತು ಕಸಿ ಸಸಿ ತರಿಸಿ, ಮಳೆ ಹಿಡಿದ ಮೇಲೆ, ನೀರು ನಿಲ್ಲದ ಕಡೆ ನೋಡಿ ಹಾಕಿಸಿದೆ. ನನಗೀಗ ಎಪ್ಪತ್ತೊಂದು. ತುಂಬು ಫಸಲಿಗೆ ಹತ್ತು ಹನ್ನೆರಡು ವರ್ಷ. ರೈಟರಿಗೆ ಈ ಗಣಿತ ಚೆನ್ನಾಗಿ ಬರುತ್ತದೆ. ಮರ್ಯಾದೆಯಿಂದ ಬಾಯಿ ಬಿಡಲಿಲ್ಲ. ನೆರೆಯವರು ಬಿಟ್ಟರು. "ಮಗಳು ಅಲ್ಲಿ, ಮೊಮ್ಮಗ ಅಲ್ಲಿ, ಇದನ್ನು ಯಾರು ಕೊಯ್ಯುತ್ತಾರೆ?" ಎಂದರು. ಕೊಯ್ಯುವ ಬೆಳೆಯಲ್ಲ ಇದು, ತಾನೇ ಬೀಳುತ್ತದೆ ಎಂದೆ. ಅವರಿಗೆ ಅದು ಉತ್ತರವೆನಿಸಲಿಲ್ಲ. ನನಗೆ ಸಾಕೆನಿಸಿತು.

ಗುಂಡಿಗೆ ಮಣ್ಣೆಳೆಯಲು ಬಂದವಳು ಅಕ್ಕು. ಕಾರ್ಕಳದ ಕಡೆಯಿಂದ ಬಂದು ಮೂವತ್ತು ವರ್ಷದಿಂದ ನಮ್ಮ ತೋಟದಲ್ಲಿರುವವಳು. ಎಲೆಯ ಮುಳ್ಳು ಬೆರಳಿಗೆ ಚುಚ್ಚಿ, "ಇದೆಂಥ ಗಿಡ ಅಯ್ಯಾ?" ಎಂದಳು. ಮಗಳು ಕಳಿಸಿದ್ದ ಡಬ್ಬಿಯಿಂದ ಅವಳಿಗೊಂದು ತಿರುಳು ಕೊಟ್ಟು, ಅದರ ಹೆಸರನ್ನೂ ಚಿಪ್ಪಿನ ಪ್ರತಾಪವನ್ನೂ ಹೇಳಿದೆ. ಅಗಿದು ನೋಡಿದಳು. "ಗೇರುಬೀಜದ ಹಾಗೇ ಉಂಟು. ಮಂಗ ಬಿಡುವುದುಂಟಾ?" ಎಂದಳು. ಎಳೆಯದನ್ನು ಕಿತ್ತು ಹಾಳುಮಾಡೀತು, ಬಲಿತದ್ದಕ್ಕೆ ಅದರ ಹಲ್ಲು ಸಾಲದು ಎಂದೆ. ಆ ಸಂಜೆ ರೈಟರು ಪುಸ್ತಕದಲ್ಲಿ ಆಳಿನ ಲೆಕ್ಕ ಬರೆಯುತ್ತ, ಯಾವ ಕೆಲಸವೆಂದು ಅವಳನ್ನು ಕೇಳಿದರು. "ಕಲ್ಲುಗೇರಿಗೆ ಮಣ್ಣು ಹಾಕಿದ್ದು," ಎಂದಳು. ರೈಟರು ನನ್ನ ಮುಖ ನೋಡಿದರು. ಗೇರೂ ಒಂದು ಕಾಲಕ್ಕೆ ಬ್ರೆಜಿಲಿನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಮರವೇ. ಈಗ ಹೊಸದಾಗಿ ಬಂದ ಇನ್ನೊಂದಕ್ಕೆ ತನ್ನ ಹೆಸರಿನ ಅರ್ಧವನ್ನು ಕೊಡುವಷ್ಟು ಮನೆಯದಾಗಿದೆ. ಹಾಗೇ ಬರೆದುಕೊಳ್ಳಿ ಎಂದೆ. ನಮ್ಮ ತೋಟದ ಲೆಕ್ಕದಲ್ಲಿ ಅದು ಈಗ ಹಾಗೆಯೇ ಇದೆ: ಕಲ್ಲುಗೇರು, ಹತ್ತು ಗಿಡ. ಒಂದು ಹೋದ ಬೇಸಗೆಯಲ್ಲಿ ಒಣಗಿತು; ಒಂಬತ್ತು ಚಿಗುರಿವೆ.